ತೋಪಿಗೆ ಬಿದ್ದ ಬೀಗ

ಜಯನಗರ, ಬೆಂಗಳೂರು
12-6-1957

ಪ್ರೀತಿಯ ಪಂಕಜಕ್ಕನಿಗೆ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನನಗೆ ಆ ಹೊಸ ಫ್ಲೂ ಜ್ವರ ಬಂದು ಹೋಯಿತು. ಮದರಾಸಿನಲ್ಲಿ ಹಡಗಿನಿಂದ ಇಳಿಯಿತಂತೆ, ಅಲ್ಲಿಂದ ರೈಲು ಹತ್ತಿ ನಮ್ಮ ಮನೆ ಹುಡುಕಿಕೊಂಡು ಬಂತು. ಗಾಬರಿಯಾಗಬೇಡ, ಎದ್ದು ಓಡಾಡುತ್ತಿದ್ದೇನೆ. ಓಡಾಡುವುದು ಎಂದರೆ ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಹಾಸಿಗೆಗೆ. ಎದೆ ಇನ್ನೂ ಬಿಗಿದುಕೊಂಡೇ ಇದೆ. "ಔಷಧಿ ಸಾಕು. ಬೆಳಿಗ್ಗೆ ಸಂಜೆ ಒಳ್ಳೆ ಗಾಳೀಲಿ ಒಂದು ಸುತ್ತು ನಡೀಲಿ" ಎಂದು ಡಾಕ್ಟರು ನನ್ನೆದುರೇ ಮಾವನವರಿಗೆ ಹೇಳಿ ಹೋದರು.

ಒಳ್ಳೆಯ ಗಾಳಿ ಇರುವುದು ರಸ್ತೆಯ ಆಚೆಗೆ. ಗೃಹಪ್ರವೇಶಕ್ಕೆ ಬಂದಾಗ ನೀನು ನೋಡಿದ್ದೆಯಲ್ಲ, ಆ ಹೊಂಗೆ ಮರಗಳ ತೋಪು. ಈಗ ಅದಕ್ಕೆ ಸುತ್ತ ಕಬ್ಬಿಣದ ಬೇಲಿ ಹಾಕಿ, ಒಳಗೆ ಸಿಮೆಂಟಿನ ಬೆಂಚು ಇಟ್ಟು ಪಾರ್ಕು ಮಾಡಿದ್ದಾರೆ. ಬಡಾವಣೆಯ ಸಂಘಕ್ಕೆ ನಮ್ಮ ಮಾವ ಸೇತುರಾಮಯ್ಯನವರೇ ಕಾರ್ಯದರ್ಶಿ. ಜ್ವರದ ಸುದ್ದಿ ಬಂದ ವಾರವೇ ಗೇಟಿಗೆ ಬೀಗ ಬಿತ್ತು, ಯಾರೂ ಗುಂಪು ಸೇರಬಾರದಂತೆ. ಸಂಘದ ಪಿಂಚಣಿದಾರರು ಮಾತ್ರ ದಿನಾ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಒಟ್ಟಿಗೆ ನಡೆಯುತ್ತಾರೆ. ಅದು ಗುಂಪಲ್ಲ, ಮೇಲ್ವಿಚಾರಣೆ.

ಬೀಗದ ಕೈ ಮಾವನವರ ಜನಿವಾರದಲ್ಲಿದೆ, ಬೀರುವಿನ ಕೈಯ ಜೊತೆಗೆ. ಬೀಗ ತೆಗೆಯುವಾಗ ದಾರ ಸಾಲದೆ ಗೇಟನ್ನು ಅಪ್ಪಿಕೊಂಡು ನಿಲ್ಲುತ್ತಾರೆ. ಕಿಟಕಿಯಿಂದ ನೋಡಿ ನನಗೆ ನಗು ಬರುತ್ತದೆ, ನಗುವಿನ ಹಿಂದೆಯೇ ಕೆಮ್ಮು ಬರುತ್ತದೆ.

ನಾನೂ ಹೋಗಲೇ ಎಂದು ದೊಡ್ಡತ್ತೆಯ ಮೂಲಕ ಕೇಳಿಸಿದೆ. ದೊಡ್ಡತ್ತೆ ಎಂದರೆ ಮಾವನವರ ಅಕ್ಕ ನಾರಾಯಣಮ್ಮನವರು, ಮಡಿ ಹೆಂಗಸು. ಅವರು ಮಾಡಿ ಬಡಿಸಿದರೆ ಮಾತ್ರ ಮಾವನವರ ಊಟ. "ಗಂಡ ಊರಲ್ಲಿಲ್ಲದಾಗ ಸೊಸೇನ ಒಬ್ಬಳೇ ಪಾರ್ಕಿಗೆ ಕಳಿಸಿದ್ರೆ ನಾಲ್ಕು ಜನ ಏನಂತಾರೆ?" ಎಂದು ಉತ್ತರ ಬಂತು. ಆ ನಾಲ್ಕು ಜನ ಮಫ್ಲರ್ ಸುತ್ತಿಕೊಂಡ ನಾಲ್ವರೇ ಅಲ್ಲವೇ? ಇವರು ಜಮ್‌ಶೆಡ್‌ಪುರದ ತರಬೇತಿ ಮುಗಿಸಿ ಬರುವುದು ಡಿಸೆಂಬರಿಗೆ. ಅಲ್ಲಿಯವರೆಗೆ ಈ ಕಿಟಕಿಯ ಸರಳುಗಳೇ ನನಗೆ ಗತಿ.

ಮಾತಿಗೆ ಸಿಗುವವಳು ಹಾಲಿನ ಮುನಿವೆಂಕಟಮ್ಮ ಒಬ್ಬಳು. ಪಾರ್ಕಿನ ಹಿಂದಿನ ಹಳ್ಳಿಯವಳು. ಈಗ ಅವಳು ಕಾಂಪೌಂಡಿನ ಮೇಲಿಟ್ಟ ಚೆಂಬಿಗೆ ದೂರದಿಂದ ಹಾಲು ಹೊಯ್ದು ಹೋಗಬೇಕೆಂದು ಅಪ್ಪಣೆಯಾಗಿದೆ. "ಸೊಸೆ ಗೌರಮ್ಮಂಗೂ ಜರ ಕಣಮ್ಮಣ್ಣಿ. ಬಸ್ರಿ, ಏಳು ತಿಂಗ್ಳು ತುಂಬೈತೆ. ಇರೋದು ಒಂದಂಕಣದ ಮನೆ, ಅದ್ರಾಗೇ ನಾವು, ಅದ್ರಾಗೇ ದನ. ಉಸ್ರು ಕಟ್ತೈತೆ ಅಂತ ಅಳ್ತಾಳೆ" ಎಂದಳು. ಉಸಿರು ಕಟ್ಟುವುದು ಎಂದರೆ ಏನೆಂದು ಈಗ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನಿನ್ನ
ಕಾತಿ


ಮೈಸೂರು
20-6-1957

ಚಿ. ಸೌ. ಕಾತ್ಯಾಯಿನಿಗೆ ಅಕ್ಕನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಒಂದು ಕಣ್ಣು ಅತ್ತಿತು, ಇನ್ನೊಂದು ನಕ್ಕಿತು. ಹುಷಾರಾಗಿದ್ದೀಯಲ್ಲ, ಅಷ್ಟು ಸಾಕು. ಮೆಣಸಿನ ಕಷಾಯ ಬಿಡಬೇಡ.

ಆ ನಿನ್ನ ಬಾಯಿಗೆ ಮಾತ್ರ ನೀನೇ ಒಂದು ಬೀಗ ಹಾಕಿಕೋ. ಮಾವನವರು ಹಿರಿಯರು. ನಿನ್ನ ಗಂಡ ಸೀನು ಬರುವವರೆಗೆ ಹೊಂದಿಕೊಂಡು ಇದ್ದುಬಿಡು. ಗಾಳಿ ಬೇಕಾದರೆ ಮಹಡಿ ಹತ್ತಿ ಒಂದಷ್ಟು ಹೊತ್ತು ನಿಲ್ಲು. ಹಾಲಿನವಳ ಹತ್ತಿರ ಹೆಚ್ಚು ಮಾತು ಬೇಡ. ಅವರ ಕಷ್ಟಕ್ಕೆ ನೀನು ಏನು ಮಾಡಬಲ್ಲೆ?

ಇಲ್ಲಿ ಶಾಲೆಗಳಿಗೆ ರಜ ಕೊಟ್ಟಿದ್ದಾರೆ. ಮಕ್ಕಳು ಮನೆಯಲ್ಲಿ, ನಿನ್ನ ಭಾವನವರೂ ಮನೆಯಲ್ಲಿ. ಒಲೆ ಆರುವುದೇ ಇಲ್ಲ. ಉಳಿದಂತೆ ವಿಶೇಷವೇನೂ ಇಲ್ಲ.

ಇಂತು ನಿನ್ನ ಅಕ್ಕ
ಪಂಕಜಾ


ಜಯನಗರ
2-7-1957

ಅಕ್ಕಾ,

ನಿನ್ನ ಬುದ್ಧಿಮಾತು ತಲುಪಿತು, ಭದ್ರವಾಗಿ ಮಡಿಸಿಟ್ಟಿದ್ದೇನೆ. ನಮ್ಮದು ಹೆಂಚಿನ ಮನೆ ಎಂಬುದನ್ನೇ ಮರೆತೆಯಾ ತಾಯಿ, ಮಹಡಿ ಎಲ್ಲಿಂದ ತರಲಿ?

ಭಾನುವಾರ ಬೆಳಿಗ್ಗೆ ಏನಾಯಿತು ಕೇಳು. ಪಾರ್ಕಿನ ಗೇಟಿನ ಮುಂದೆ ಊರಿಗೆ ಊರೇ ಬಂದು ನಿಂತಿತ್ತು. ಚಾಪೆ, ಕಂಬಳಿ, ಮಡಕೆ, ಬುಟ್ಟಿಯಲ್ಲಿ ಕೋಳಿ. ಕಾಯಿಲೆ ಬಿದ್ದವರನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಮುನಿವೆಂಕಟಮ್ಮನ ಹೆಗಲು ಹಿಡಿದುಕೊಂಡು ಗೌರಮ್ಮ ನಿಂತಿದ್ದಳು. ಎಲ್ಲರ ಮುಂದೆ ಊರಿನ ಹಿರಿಯ ಚಿಕ್ಕಬೈರಪ್ಪ, ಕೋಲೂರಿಕೊಂಡು.

"ಬಾಗ್ಲು ತೆಗೀರಿ ಸ್ವಾಮಿ. ಊರು ಬಿಟ್ಟು ಬಂದಿದೀವಿ."

"ಊರು ಬಿಟ್ಟು ಎಲ್ಲಿಗೆ?" ಎಂದರು ಮಾವನವರು ಜಗಲಿಯಿಂದಲೇ.

"ಇಲ್ಗೇಯ. ತೋಪಿಗೆ."

ಪ್ಲೇಗಿನ ಕಾಲದಿಂದ ಅವರಲ್ಲಿ ಹಾಗೆಯೇ ಅಂತೆ. ಊರಿಗೆ ಕಾಯಿಲೆ ಹೊಕ್ಕರೆ ಒಲೆಗಳನ್ನು ಆರಿಸಿ, ಒಬ್ಬರೂ ಉಳಿಯದೆ ಒಟ್ಟಿಗೆ ಹೊರಟು, ತೋಪಿನಲ್ಲಿ ಗುಡಿಸಲು ಹಾಕಿಕೊಳ್ಳುವುದು. ಮಾರಮ್ಮನಿಗೆ ತಂಪು ಮಾಡಿ, ಮನೆಗಳಿಗೆ ಸುಣ್ಣ ಬಳಿದು, ಮತ್ತೆ ಒಟ್ಟಿಗೇ ಹಿಂತಿರುಗುವುದು. ಈ ಜ್ವರವೇ ಬೇರೆ, ಇಲಿಯಿಂದ ಬರುವುದಲ್ಲ ಎಂದು ಅವರಿಗೆ ಯಾರು ಹೇಳಬೇಕು? ಹಾಗೆಂದು ಒಂದಂಕಣದಲ್ಲಿ ಅಷ್ಟು ಜನ ಕೆಮ್ಮುತ್ತ ಬಿದ್ದಿರುವುದಕ್ಕಿಂತ ಮರದ ಕೆಳಗೆ ಮಲಗುವುದು ತಪ್ಪು ಎನ್ನಲು ನನಗಂತೂ ಬಾಯಿಲ್ಲ.

"ಇದು ತೋಪಲ್ಲಪ್ಪ, ಸಾರ್ವಜನಿಕ ಉದ್ಯಾನವನ" ಎಂದರು ಮಾವನವರು.

"ಸಾರ್ವಜನಿಕ ಅಂದ್ರೆ ಯಾರು ಬುದ್ಧಿ?" ಚಿಕ್ಕಬೈರಪ್ಪ ವ್ಯಂಗ್ಯವಾಗಿ ಕೇಳಲಿಲ್ಲ ಅಕ್ಕಾ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದ.

"ಕಾಯಿಲೆ ತಂದು ನಮ್ಮ ಬಾಗಿಲಲ್ಲಿ ಇಳಿಸ್ತೀರಾ? ಪೊಲೀಸಿಗೆ ಹೇಳಬೇಕಾಗತ್ತೆ, ನೋಡಿ."

ಅವರು ಜಗಳವಾಡಲಿಲ್ಲ. ಬೇಲಿಯ ಉದ್ದಕ್ಕೂ ಬಿಸಿಲಿನಲ್ಲಿ ಕುಳಿತರು. ನೆರಳೆಲ್ಲ ಬೇಲಿಯ ಒಳಗಿತ್ತು. ಸಂಜೆ ಎದ್ದು ಹೋದರು. ಆರಿಸಿ ಬಂದ ಒಲೆಗೆ ಹಾಗೇ ಮತ್ತೆ ಬೆಂಕಿ ಹಾಕುವುದು ಅಪಶಕುನವಂತೆ. ಹಾಕಲೇಬೇಕಾಯಿತು.

ಒಳಗೆ ಬಂದು ನೋಡಿದರೆ ದೊಡ್ಡತ್ತೆ ಈಳಿಗೆಮಣೆಯ ಮುಂದೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. "ಪ್ಲೇಗಿನ ವರ್ಷ ಪೇಟೇಲಿ ಇಲಿ ಬಿತ್ತು ಕಣೇ. ನಮ್ಮಪ್ಪ ಗಾಡಿ ಕಟ್ಟಿಸಿ ನಮ್ಮನ್ನೆಲ್ಲ ಈ ತೋಪಿಗೇ ಕರಕೊಂಡು ಬಂದ್ರು. ಸೇತು ಹುಟ್ಟಿದ್ದೇ ಇಲ್ಲಿ, ಗುಡಿಸಲಲ್ಲಿ. ಅಮ್ಮನಿಗೆ ಹಾಲಿರಲಿಲ್ಲ. ಊರಿನ ಹೆಂಗಸೊಬ್ಬಳು ತನ್ನ ಮಗೂಗೆ ಕೊಟ್ಟು ಇವನಿಗೂ ಕೊಟ್ಟಳು. ನೀವು ಯಾರು, ಏನು ಅಂತ ಒಬ್ಬರೂ ಕೇಳಲಿಲ್ಲ."

ನನ್ನ ಬಾಯಿ ನಿನಗೆ ಗೊತ್ತಲ್ಲ. ರಾತ್ರಿ ಊಟಕ್ಕೆ ಕುಳಿತಾಗ ಕೇಳಿಯೇಬಿಟ್ಟೆ. "ಮಾವ, ನೀವು ಹುಟ್ಟಿದ್ದು ಈ ಪಾರ್ಕಿನಲ್ಲೇ ಅಂತೆ?" ಸಾರನ್ನದಲ್ಲಿ ಕೈ ನಿಂತಿತು. ಮಜ್ಜಿಗೆಗೂ ಕಾಯದೆ ಎದ್ದು ಹೋದರು. ಅವರಿಗೆ ಇದೆಲ್ಲ ಗೊತ್ತಿಲ್ಲವೇನೋ ಎಂದುಕೊಂಡಿದ್ದೆ. ಚೆನ್ನಾಗಿಯೇ ಗೊತ್ತಿದೆ.

ಕಾತಿ


ಜಯನಗರ
15-7-1957

ಅಕ್ಕಾ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ನನಗೆ ಪಾರ್ಕು ಸಿಕ್ಕಿತು!

ಹೋದ ವಾರ ಮಾವನವರು ಬೀಗದ ಕೈಯನ್ನು ಜನಿವಾರದಿಂದ ಬಿಚ್ಚಿ ಕಿಟಕಿಯ ಮೇಲಿಟ್ಟರು. "ಬೆಳಿಗ್ಗೆ ಯಾರೂ ಬರೋಕೆ ಮುಂಚೆ ಒಂದು ಸುತ್ತು ಹೋಗಿ ಬಾಮ್ಮ. ಒಳಗಿಂದ ಬೀಗ ಹಾಕ್ಕೋ. ಆ ಹಳೇ ವಿಷಯ ಮಾತ್ರ ಯಾರ ಹತ್ತಿರವೂ ಎತ್ತಬೇಡ" ಎಂದರು. ಲಂಚ ಎಂದು ನನಗೂ ತಿಳಿಯಿತು. ತಿಳಿದೂ ತೆಗೆದುಕೊಂಡೆ. ಮರಗಳ ಕೆಳಗೆ ಚಪ್ಪಲಿ ಬಿಟ್ಟು ನಡೆದರೆ ನೆಲ ಎಷ್ಟು ತಣ್ಣಗಿತ್ತು ಅಂತೀಯ! ಎದೆಯ ಬಿಗಿ ಸಡಿಲವಾಯಿತು. ಒಳಗಿಂದ ಬೀಗ ಹಾಕಿಕೊಂಡು ಒಬ್ಬಳೇ ಇರುವುದು ಮೊದಲ ದಿನ ಸುಖವಾಗಿತ್ತು, ಆಮೇಲೆ ಹಿಂಸೆಯಾಗತೊಡಗಿತು.

ಏಕೆಂದರೆ ಬೇಲಿಯ ಆಚೆ ಮುನಿವೆಂಕಟಮ್ಮ ಸೊಸೆಯನ್ನು ಕರೆದುಕೊಂಡು ಬಂದು ನಿಂತಿದ್ದಳು. "ಗೌರೀನ ಒಬ್ಬಳನ್ನೇ ಒಳೀಕೆ ಬಿಡಿ ಅಮ್ಮಣ್ಣಿ. ಯಾರ್ಗೂ ಯೋಳಾಕಿಲ್ಲ."

ಬಿಟ್ಟೆ. ಅಂದಿನಿಂದ ದಿನಾ ಬಿಡುತ್ತಿದ್ದೇನೆ. ಗೌರಮ್ಮ ಮರಕ್ಕೆ ಒರಗಿ, ಕಾಲು ಚಾಚಿ, ಬಾಯಿ ತೆರೆದು ಉಸಿರೆಳೆದುಕೊಳ್ಳುತ್ತಾಳೆ. ಅರೆಕೆರೆಯ ಹುಡುಗಿ, ನನಗಿಂತ ಚಿಕ್ಕವಳು. "ನನ್ ಮದ್ವೆ ಚಪ್ರ ಇಲ್ಲೇ ಆಕಿದ್ರು ಕಣಕ್ಕ. ಬೇಲಿ ಆಮೇಕೆ ಬಂತು" ಎಂದಳು. ಇಬ್ಬರೂ ಸುಮ್ಮನೆ ಕೂರುತ್ತೇವೆ. ಮಫ್ಲರುಗಳು ಬರುವ ಮುಂಚೆ ಅವಳನ್ನು ಕಳಿಸಿ, ನಾನೂ ಮನೆ ಸೇರಿ, ಬೀಗದ ಕೈಯನ್ನು ಮಾವನವರಿಗೆ ಒಪ್ಪಿಸುತ್ತೇನೆ.

ತಪ್ಪು ಮಾಡುತ್ತಿದ್ದೇನೆ ಎನ್ನಬೇಡ. ಬಹಳ ದಿನಗಳ ಮೇಲೆ ನಾನು ಸಂತೋಷವಾಗಿದ್ದೇನೆ.

ಕಾತಿ


ಮೈಸೂರು
22-7-1957

ಚಿ. ಸೌ. ಕಾತ್ಯಾಯಿನಿಗೆ ಆಶೀರ್ವಾದಗಳು.

ತಪ್ಪು ಎನ್ನುವುದಿಲ್ಲ. ಹೆದರಿಕೆಯಾಗುತ್ತದೆ, ಅಷ್ಟೆ. ಸಿಕ್ಕಿಬಿದ್ದರೆ ನಿನಗೆ ಬೈಗುಳ, ಅವಳಿಗೆ ಏನು ಎಂದು ಯೋಚಿಸಿದೆಯಾ?

ಒಂದು ಮಾತು ಬರೆಯಲೋ ಬೇಡವೋ ಎಂದು ಎರಡು ದಿನ ಒದ್ದಾಡಿದೆ. ನಿನ್ನ ಕಾಗದಗಳ ತುಂಬ ಗೇಟು, ಬೀಗ, ಬೇಲಿ. ನಮ್ಮ ಮನೆಯ ಬಾಗಿಲಿಗೆ ಹಗಲೆಲ್ಲ ಚಿಲಕವನ್ನೂ ಹಾಕುವುದಿಲ್ಲ ಕಾತಿ. ಯುಗಾದಿಯಿಂದ ನಾನು ಆ ಹೊಸ್ತಿಲು ದಾಟಿಲ್ಲ. ಬೇಡ ಎಂದವರು ಯಾರೂ ಇಲ್ಲ. ನಿನ್ನ ಹಾಗೆ ಕೋಪ ಮಾಡಿಕೊಳ್ಳೋಣವೆಂದರೆ ಯಾರ ಮೇಲೆ ಎಂದು ತಿಳಿಯದು.

ಹಾಲು ಉಕ್ಕುತ್ತಿದೆ, ನಿಲ್ಲಿಸುತ್ತೇನೆ.

ಪಂಕಜಾ


ಜಯನಗರ
3-8-1957

ಅಕ್ಕಾ,

ನೀನು ಹೆದರಿದ್ದು ಸರಿಯಾಗಿತ್ತು. ಅವಳಿಗೆ ಏನು ಎಂದು ನಾನು ಯೋಚಿಸಿರಲಿಲ್ಲ.

ಮಫ್ಲರಿನವರಲ್ಲಿ ಒಬ್ಬರು ಬೇಗ ಬಂದರು. ನಾವಿಬ್ಬರೂ ಮರದ ಕೆಳಗಿದ್ದೆವು. ಅವರು ಹಾಕಿದ ಕೂಗಿಗೆ ಬೀದಿಯೆಲ್ಲ ಎದ್ದಿತು. ಮಾವನವರು ಬಂದು ನನ್ನ ಕೈಯಿಂದ ಬೀಗದ ಕೈ ಕಿತ್ತುಕೊಂಡರು, ಬೈಯಲಿಲ್ಲ. ಗೌರಮ್ಮನನ್ನು ಹೊರಗೆ ಕಳಿಸಿ ಬೀಗ ಹಾಕಿದರು. ನಾನು ನಮ್ಮ ಮನೆಗೆ, ಅವಳು ಅವಳ ಮನೆಗೆ ಎಂದುಕೊಂಡೆ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು.

ಸುದ್ದಿ ಹಳ್ಳಿಗೂ ಮುಟ್ಟಿತು. ಕಾಯಿಲೆ ಇರುವಾಗ ಒಬ್ಬರೇ ತೋಪಿಗೆ ಇಳಿಯಬಾರದಂತೆ ಅಕ್ಕಾ. ಇಳಿದರೆ ಊರೆಲ್ಲ ಇಳಿಯಬೇಕು. ಒಬ್ಬಳು ಹೋಗಿ ಒಬ್ಬಳೇ ಹಿಂತಿರುಗಿದರೆ ಅವಳ ಬೆನ್ನಿಗೆ ಮಾರಿ ಬರುತ್ತದೆ ಎಂಬ ನಂಬಿಕೆ. ಊರೆಲ್ಲ ತೋಪಿಗೆ ಇಳಿದು ಒಟ್ಟಿಗೆ ಮರಳುವವರೆಗೆ ಅವಳು ಊರೊಳಗೆ ಕಾಲಿಡುವ ಹಾಗಿಲ್ಲ ಎಂದು ಚಿಕ್ಕಬೈರಪ್ಪ ಹೇಳಿಬಿಟ್ಟ. ಊರಿನವರು ಇಳಿಯಲು ತಯಾರಿದ್ದಾರೆ, ಇಳಿಯಲು ತೋಪೆಲ್ಲಿದೆ?

ಮುನಿವೆಂಕಟಮ್ಮನಿಗೆ ಈ ಕಟ್ಟಳೆ ಮೊದಲೇ ಗೊತ್ತಿತ್ತು. ಸೊಸೆಯ ಉಸಿರಿನ ಆಸೆಗೆ ಗುಟ್ಟಾಗಿ ಕರೆತಂದಳು. ನನಗೆ ಗೊತ್ತಿರಲಿಲ್ಲ. ಒಬ್ಬಳಿಗಾದರೂ ಬಾಗಿಲು ತೆರೆದೆನಲ್ಲ ಎಂದು ನಾನು ಬೀಗುತ್ತಿದ್ದೆ.

ಈಗ ಗೌರಮ್ಮ ಬೇಲಿಯ ಹೊರಗೆ ರಸ್ತೆಯ ಅಂಚಿನಲ್ಲಿದ್ದಾಳೆ. ಅವಳ ಗಂಡ ನಾಲ್ಕು ತೆಂಗಿನ ಗರಿ ಬೇಲಿಗೆ ಒರಗಿಸಿ ಮರೆ ಮಾಡಿದ್ದಾನೆ. ದಿನ ತುಂಬುತ್ತ ಬಂದಿದೆ. ಹಿಂದೆ ಊರಿಲ್ಲ, ಮುಂದೆ ತೋಪಿಲ್ಲ. ತವರಿಗಾದರೂ ಹೋಗಲಿ ಎಂದರೆ, ಅವಳನ್ನು ಕರೆದುಕೊಂಡರೆ ತಮ್ಮೂರಿಗೂ ಮಾರಿ ಬರುತ್ತದೆಂದು ಅರೆಕೆರೆಯವರು ಹೇಳಿ ಕಳಿಸಿದ್ದಾರೆ. ಅವಳನ್ನು ನಮ್ಮ ಹಿಂದಿನ ಕೋಣೆಯಲ್ಲಿ ಮಲಗಿಸಿಕೊಳ್ಳೋಣ ಎಂದು ಮಾವನವರ ಕಾಲು ಹಿಡಿದೆ. "ಬೀದಿಯವರು ನಮ್ಮನ್ನೂ ಹೊರಗೆ ಹಾಕ್ತಾರೆ, ಸುಮ್ಮನಿರು" ಎಂದರು. ಅಷ್ಟರಮಟ್ಟಿಗೆ ಅವರೂ ಹೆದರಿದ್ದಾರೆ ಎಂದು ನನಗೆ ಆಗಲೇ ಗೊತ್ತಾದದ್ದು. ಹಾಲು ನಿಂತಿದೆ. ಮಳೆ ಶುರುವಾಗಿದೆ. ಕಿಟಕಿಯಿಂದ ನನಗೆ ಅವಳ ಪಾದಗಳು ಕಾಣುತ್ತವೆ, ಗರಿ ಅಷ್ಟು ದೂರ ಮುಚ್ಚುವುದಿಲ್ಲ.

ಕಾತಿ


ಜಯನಗರ
12-8-1957

ಅಕ್ಕಾ,

ಉಸಿರು ಬಿಡು. ತಾಯಿ, ಮಗು ಕ್ಷೇಮ. ಹೆಣ್ಣು ಮಗು.

ಶುಕ್ರವಾರ ಮಧ್ಯಾಹ್ನ ಮಾವನವರು ಎಲೆಯ ಮುಂದೆ ಕುಳಿತಿದ್ದರು. ಬೇಲಿಯ ಕಡೆಯಿಂದ ಗೌರಮ್ಮನ ಕೂಗು ಕೇಳಿಸಿತು, ನೋವು ಶುರುವಾಗಿತ್ತು. ದೊಡ್ಡತ್ತೆ ಕೈಯಲ್ಲಿದ್ದ ಸೌಟನ್ನು ಸಾರಿನ ಪಾತ್ರೆಯಲ್ಲೇ ಬಿಟ್ಟರು. ಮಡಿ ಸೀರೆಯಲ್ಲೇ ಮುಂಬಾಗಿಲಿನಿಂದ ಇಳಿದು, ರಸ್ತೆ ದಾಟಿ, ಬಗ್ಗಿ ಆ ಗರಿಯ ಮರೆಯೊಳಗೆ ಹೋಗಿ ಗೌರಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಅವರು ರಸ್ತೆಗೆ ಇಳಿದದ್ದನ್ನು ಈ ಮನೆಗೆ ಬಂದ ಮೇಲೆ ನಾನು ನೋಡಿರಲೇ ಇಲ್ಲ.

ಮಾವನವರು ಮನೆಯ ಗೇಟಿನವರೆಗೆ ಓಡಿದರು. "ಅಕ್ಕಾ, ಏನಿದು? ಮೈಲಿಗೆಯಾಗತ್ತೆ, ಎದ್ದು ಬಾ!"

"ಆಗಲಿ ಬಿಡು. ನೀನು ಹುಟ್ಟುವಾಗ ಈ ಜಾಗಕ್ಕೆ ಬೀಗ ಇರಲಿಲ್ಲ ಕಣೋ ಸೇತು."

ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಎಲ್ಲರಿಗೂ ಕೇಳಿಸಿತು. ಮಾವನವರು ತಲೆ ತಗ್ಗಿಸಿ ಮನೆಗೆ ಬಂದು ಬಾಗಿಲು ಹಾಕಿಕೊಂಡರು. ಎಲೆ ಹಾಗೆಯೇ ಇತ್ತು. ಕೂಗು ಬಂದಾಗಲೆಲ್ಲ ಅವರ ಕೈ ಎದೆಯ ಮೇಲಿನ ಬೀಗದ ಕೈಗೆ ಹೋಗುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎದ್ದರು. ಮಳೆಯಲ್ಲೇ ಹೋಗಿ ಗೇಟಿಗೆ ಎದೆ ಆನಿಸಿ ಬೀಗ ತೆಗೆದರು. ತೆಗೆದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದರು. ಈ ಸಲ ನನಗೆ ನಗು ಬರಲಿಲ್ಲ.

"ಚಿಕ್ಕಬೈರಪ್ಪನಿಗೆ ಹೇಳಿ, ಎಲ್ಲರನ್ನೂ ಕರಕೊಂಡು ಬರಲಿ" ಎಂದರು ಮುನಿವೆಂಕಟಮ್ಮನ ಮಗನಿಗೆ.

ಊರು ಒಲೆ ಆರಿಸಿ ಬಂತು. ಲಾಟೀನುಗಳು ಒಂದರ ಹಿಂದೆ ಒಂದು ಗೇಟು ದಾಟಿದವು, ಈ ಕಡೆ ನಮ್ಮ ಬೀದಿಯ ಕಿಟಕಿಗಳು ಒಂದರ ಹಿಂದೆ ಒಂದು ಮುಚ್ಚಿದವು. ಬೆಳಕು ಹರಿಯುವ ಹೊತ್ತಿಗೆ ಹೊಂಗೆ ಮರದ ಕೆಳಗಿನ ಗುಡಿಸಲಿನಲ್ಲಿ ಮಗು ಅತ್ತಿತು.

ಚಿಕ್ಕಬೈರಪ್ಪ ಉಳಿಯಲಿಲ್ಲ. ಅವನಿಗೂ ಜ್ವರ ಹತ್ತಿತ್ತು, ಹೇಳಿಕೊಂಡಿರಲಿಲ್ಲ. ನಿನ್ನೆ ತೋಪಿನಲ್ಲೇ ಹೋದ. ತೋಪಿಗೆ ಬಂದು ಸತ್ತ ಎಂದು ಊರವರಿಗೆ ಸಮಾಧಾನ. ಆ ಭಾನುವಾರವೇ ಗೇಟು ತೆಗೆದಿದ್ದರೆ ಬದುಕುತ್ತಿದ್ದನೋ ಏನೋ ಎಂದು ನನಗೆ ಸಂಕಟ.

ದೊಡ್ಡತ್ತೆ ಬಾಣಂತಿಯ ಹತ್ತಿರವೇ ಇದ್ದಾರೆ. ಊರು ಮರಳಿದ ಮೇಲೆ ಪಂಚಗವ್ಯ ತೆಗೆದುಕೊಂಡು ಬರುತ್ತಾರಂತೆ. ಅಲ್ಲಿಯವರೆಗೆ ಅಡುಗೆ ನನ್ನದು. ಮಾವನವರು ಮೊದಲ ಸಲ ನನ್ನ ಕೈಯಡುಗೆ ಉಂಡರು. ಉಪ್ಪು ಹೆಚ್ಚಾಗಿತ್ತು, ಆದರೂ ಎಲೆ ಖಾಲಿ ಮಾಡಿದರು. ಊರೆಲ್ಲ ಪಾರ್ಕಿನಲ್ಲಿದೆ ಅಕ್ಕಾ, ಗಾಳಿ ಬೇಕೆಂದು ಮೊದಲು ಅತ್ತವಳು ಮಾತ್ರ ಹೊಗೆಯ ಮುಂದೆ ಕುಳಿತಿದ್ದಾಳೆ.

ಕಾತಿ


ಮೈಸೂರು
25-8-1957

ಚಿ. ಸೌ. ಕಾತ್ಯಾಯಿನಿಗೆ ಆಶೀರ್ವಾದಗಳು.

ಕಾಗದವನ್ನು ಮೂರು ಸಲ ಓದಿದೆ. ನಿಮ್ಮ ದೊಡ್ಡತ್ತೆಗೆ ನನ್ನ ನಮಸ್ಕಾರ ತಿಳಿಸು. ಮಗುವಿಗೆ ಒಂದು ಕುಲಾವಿ ಹೊಲಿಯುತ್ತಿದ್ದೇನೆ. ಅಂಚೆಗೆ ಹಾಕಲು ಈ ಸಲ ಯಾರಿಗೂ ಕೊಡುವುದಿಲ್ಲ, ನಾನೇ ಹೋಗುತ್ತೇನೆ.

ನಿನ್ನ ಮಾವನವರು ಹೇಗಿದ್ದಾರೆ? ಅವರ ವಿಷಯ ನೀನು ಬರೆದದ್ದು ಕಡಿಮೆಯಾಯಿತು.

ಪಂಕಜಾ


ಜಯನಗರ
6-10-1957

ಪ್ರೀತಿಯ ಅಕ್ಕನಿಗೆ,

ಕುಲಾವಿ ಬಂತು. ಮಗುವಿನ ತಲೆಗೆ ದೊಡ್ಡದಾಯಿತು. ಬೆಳೆಯುತ್ತಾಳೆ ಬಿಡು. ಮುನಿವೆಂಕಟಮ್ಮ ಮತ್ತೆ ಹಾಲು ತರುತ್ತಿದ್ದಾಳೆ, ಗೌರಮ್ಮ ಗಂಡನ ಮನೆಯೊಳಗಿದ್ದಾಳೆ. ಊರು ಒಟ್ಟಿಗೆ ಮರಳಿ ಎಷ್ಟೋ ದಿನವಾಯಿತು. ದೊಡ್ಡತ್ತೆಯೂ ಅಡುಗೆಮನೆಗೆ ಮರಳಿದ್ದಾರೆ.

ಮಾವನವರ ವಿಷಯ ಕೇಳಿದ್ದೆಯಲ್ಲ. ಸಂಘದವರು ಸಭೆ ಸೇರಿ ಬೇರೆ ಕಾರ್ಯದರ್ಶಿಯನ್ನು ಮಾಡಿಕೊಂಡರು. ಪಾರ್ಕಿನ ಬೇಲಿಯನ್ನು ಎತ್ತರಿಸಿ, ಹೊಸ ಬೀಗ ಹಾಕಿದರು. ಮಫ್ಲರಿನವರಲ್ಲಿ ಒಬ್ಬರು ಬಂದು, ಒಳಗೂ ಬಾರದೆ, "ನಿಮ್ಮ ಮನೇಲಿ ಸಂಪರ್ಕ ಆಗಿದೆಯಲ್ಲ ಸಾರ್, ಸ್ವಲ್ಪ ದಿನ ನೀವು ಪಾರ್ಕಿನ ಕಡೆ ಬರದಿದ್ರೆ ಒಳ್ಳೇದು" ಎಂದು ಹೇಳಿ ಹೋದರು. ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ಇವರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆದರೂ ಬೆಳಿಗ್ಗೆ ಅದೇ ಹೊತ್ತಿಗೆ ಏಳುತ್ತಾರೆ. ಮಫ್ಲರ್ ಸುತ್ತಿ, ಕೋಲು ಹಿಡಿದು ಹಿತ್ತಲಿಗೆ ಇಳಿಯುತ್ತಾರೆ. ಬಾವಿ ಸುತ್ತಿ, ಒಗೆಯುವ ಕಲ್ಲು ದಾಟಿ, ನುಗ್ಗೆ ಮರದವರೆಗೆ ಹೋಗಿ, ಮತ್ತೆ ಬಾವಿ. ನನಗೂ ನಡೆಯಲು ಅದೇ ಜಾಗ, ಅದೇ ಹೊತ್ತು. ಅವರು ಒಂದು ಕಡೆಯಿಂದ, ನಾನು ಇನ್ನೊಂದು ಕಡೆಯಿಂದ. ಬಾವಿಯ ಹತ್ತಿರ ದಾರಿ ಒಬ್ಬರಿಗಷ್ಟೇ ಸಾಲುತ್ತದೆ, ಪ್ರತಿ ಸುತ್ತಿಗೂ ಅಲ್ಲೇ ಎದುರಾಗುತ್ತೇವೆ.

ಇವತ್ತು ಅಲ್ಲಿ ನಿಂತು, ಕೋಲಿನ ತುದಿ ನೋಡುತ್ತ, "ಈ ಹಿತ್ತಲು ಇಷ್ಟು ಚಿಕ್ಕದು ಅಂತ ನನಗೆ ಗೊತ್ತೇ ಇರಲಿಲ್ಲ ಕಣಮ್ಮ" ಎಂದರು.

ನನಗೆ ಗೊತ್ತಿತ್ತು ಎನ್ನಬೇಕೆನ್ನಿಸಿತು. ಅನ್ನಲಿಲ್ಲ ಅಕ್ಕಾ. ಗೋಡೆಗೆ ಒತ್ತಿ ನಿಂತು ಅವರಿಗೆ ದಾರಿ ಬಿಟ್ಟೆ.

ನಿನ್ನ
ಕಾತಿ